ಪುನರ್ವಸು ಮಳೆಗೆ ಬಂದು ನೋಡಿ

(ಮಲೆನಾಡಿನ ಹಳ್ಳಿಯೊಂದರ ಶಾಲೆಯಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ದಾರಿ ಮತ್ತು ನೆನಪು ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಶಿಬಿರದ ಗೆಳೆಯರು ಕೇಳಿಕೊಂಡಿದ್ದಾರೆ. ಘಟ್ಟದ ಸೀಮೆಯವರಾದ ನಮಗೆ ದಾರಿಯ ನೆನಪುಗಳಿಗೆ ಬರವಿಲ್ಲ. ಬಸ್ಸಿನ ಕಿಟಕಿಯಿಂದ ಕಂಡ ಅಬ್ಬಿ, ತಿರುವಿನಲ್ಲಿ ಹೊಟ್ಟೆ ತೊಳಸಿದ್ದು, ಮಂಜಿನಲ್ಲಿ ದೀಪ ಹಾಕಿಕೊಂಡು ಹಗಲಲ್ಲೇ ತೆವಳುತ್ತಿದ್ದ ಲಾರಿಗಳು, ಶಾಲೆ ಬಿಟ್ಟ ಮೇಲೆ ಕಂಬಳಿಕೊಪ್ಪೆ ಹೊದ್ದು ನಡೆದ ಮೈಲುಗಳು. ಇವನ್ನೆಲ್ಲ ಸಾಮಾನ್ಯವಾಗಿ ನಾವು ಹರಟೆಗೆ ಬಿಟ್ಟಿದ್ದೇವೆ. ಮದುವೆ ಮನೆಯ ಜಗಲಿಯಲ್ಲಿ ಹೇಳಿ ನಕ್ಕು ಮರೆಯುತ್ತೇವೆ. ಅಂತಹ ನೆನಪುಗಳಲ್ಲಿ ನಮ್ಮ ಗುಡ್ಡಗಳ ಆಯುಸ್ಸಿಗೆ ಸಂಬಂಧಪಟ್ಟ ತಿಳಿವಳಿಕೆ ಇದೆ, ಅದನ್ನು ಕೂಡಿಸಿಡುವ ಕೆಲಸ ತುರ್ತಾಗಿ ಆಗಬೇಕಾಗಿದೆ ಎಂಬುದನ್ನು ನಿಮ್ಮ ಮುಂದಿಡುವುದಷ್ಟೇ ಇಂದಿನ ನನ್ನ ಉದ್ದೇಶ.

ಮೊದಲು ಒಂದು ಪ್ರಯಾಣದಿಂದ ಆರಂಭಿಸುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರದ ಮೇಲೆ ಉಡುಪಿಗೆ ಹೋಗುವ ದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಶಿವಮೊಗ್ಗ ಪಟ್ಟಣದಲ್ಲಿ ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಇರುವ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಈ ಅಂಕಿಗಳನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಬಹಳ ಮುಂಚೆಯೇ ನಾನು ಬಸ್ಸಿನಲ್ಲಿ ಕಲಿತಿದ್ದೆ. ಶಿವಮೊಗ್ಗದಲ್ಲಿ ಶರಟಿನ ಗುಂಡಿ ಬಿಚ್ಚಿ ಕುಳಿತವರು ತೀರ್ಥಹಳ್ಳಿಯಲ್ಲಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಗುಂಬೆ ಬಂತೆಂದರೆ ಕಿಟಕಿಯ ಟಾರ್ಪಾಲಿನ ಪರದೆಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಹುಲ್ಲಿನ ಮನೆಗಳ ಸೂರು ಗೋಡೆಯನ್ನು ದಾಟಿ ಎಷ್ಟು ಮುಂದಕ್ಕೆ ಬಂದಿದೆ ಎಂಬುದನ್ನು ನೋಡಿಯೇ ಆ ಊರಿನ ಮಳೆಯನ್ನು ಅಂದಾಜು ಮಾಡಬಹುದಾಗಿತ್ತು.

ಆಗುಂಬೆಯ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆಯಲ್ಲಿ ಪಡುವಣಕ್ಕೆ ಇಳಿದ ಪಾಲು ಸೀತಾನದಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣಕ್ಕೆ ಸರಿದ ಪಾಲು ಮಾಲತಿಯಾಗಿ, ತುಂಗೆಯಾಗಿ, ತುಂಗಭದ್ರೆಯಾಗಿ, ಕೊನೆಗೆ ಕೃಷ್ಣೆಯಾಗಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಂದೇ ಮೋಡದ ನೀರು ಎರಡು ಕಡಲುಗಳಿಗೆ ಹಂಚಿಹೋಗುವ ಆ ಏಣಿನ ಮೇಲೆ ನಮ್ಮ ರಸ್ತೆ ಹಾದಿದೆ. ಅಲ್ಲಿಂದ ಹಿಮ್ಮುರಿ ತಿರುವುಗಳಲ್ಲಿ ಇಳಿಯುತ್ತ ಹೋದಂತೆ ಕಿವಿ ಕಟ್ಟುತ್ತದೆ, ಸೆಕೆ ಏರುತ್ತದೆ, ಅಡಕೆಯ ಜೊತೆಗೆ ತೆಂಗು ಕಾಣಿಸಿಕೊಳ್ಳುತ್ತದೆ. ಭೂಗೋಳದ ಪಾಠವನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿಕೊಡುವ ದಾರಿಗಳು ಹೆಚ್ಚಿಲ್ಲ. ಆದರೆ ಈ ಪಾಠ ದೊರಕುವುದು ನಿಧಾನವಾಗಿ ಹೋಗುವವರಿಗೆ ಮಾತ್ರ. ಕನ್ನಡಿ ಏರಿಸಿದ ಕಾರಿನಲ್ಲಿ ತಂಪು ಯಂತ್ರ ಹಾಕಿಕೊಂಡು ಹೋಗುವವರಿಗೆ ಶಿವಮೊಗ್ಗವೂ ಒಂದೇ, ಆಗುಂಬೆಯೂ ಒಂದೇ.

ಈ ಘಟ್ಟದ ದಾರಿಗಳಲ್ಲಿ ಹಲವು, ಮೋಟಾರು ಬರುವ ಮುಂಚೆ ಎತ್ತಿನ ಹೇರು ಹೋಗುತ್ತಿದ್ದ ದಾರಿಗಳು. ಮೇಲಿನಿಂದ ಅಡಕೆ, ಮೆಣಸು, ಅಕ್ಕಿ ಇಳಿಯುತ್ತಿದ್ದವು. ಕೆಳಗಿನಿಂದ ಉಪ್ಪು, ಒಣಮೀನು ಏರುತ್ತಿದ್ದವು. ಹೇರೆತ್ತುಗಳು ಏದುಸಿರು ಬಿಡದಂತೆ ಏರುವ ಜಾಡನ್ನು ಹುಡುಕಿಕೊಂಡಿದ್ದವು. ಆ ಜಾಡು ಗುಡ್ಡವನ್ನು ಸೀಳದೆ, ಅದರ ಮೈಯನ್ನು ಬಳಸಿಕೊಂಡು ಹೋಗುತ್ತಿತ್ತು. ಹಳ್ಳ ಕಂಡಲ್ಲಿ ತಗ್ಗಿ ದಾಟುತ್ತಿತ್ತು. ದಾರಿ ಉದ್ದವಾಗುತ್ತಿತ್ತು ನಿಜ, ಆದರೆ ಗುಡ್ಡದ ಬುಡಕ್ಕೆ ಕೈ ಹಾಕುವ ಪ್ರಮೇಯ ಬರುತ್ತಿರಲಿಲ್ಲ.

ಇನ್ನು ನಾನೇ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಊರಿನ ಕೈಮರ ದಾಟಿದ ಮೇಲೆ ಒಂದು ತಿರುವು. ಅಲ್ಲಿ ಧರೆಯಿಂದ ಒಂದು ಒರತೆ ಒಸರುತ್ತಿತ್ತು. ಯಾರೋ ಬಿದಿರು ಸೀಳಿ ದೋಣಿ ಮಾಡಿ ಅದಕ್ಕೆ ಸಿಕ್ಕಿಸಿದ್ದರು. ಮಳೆಗಾಲದಲ್ಲಿ ಶಾಲೆಗೆ ಹೋಗುವ ನಾವು ಅಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದೆವು. ಲಾರಿಯವರು ರೇಡಿಯೇಟರಿಗೆ ನೀರು ತುಂಬಿಸಿಕೊಳ್ಳುತ್ತಿದ್ದರು. ಬೇಸಗೆಯಲ್ಲಿ ಒರತೆ ಬತ್ತಿ, ಧರೆಯ ಮೇಲೆ ಪಾಚಿಯ ಕಪ್ಪು ಗೆರೆಯೊಂದು ಮಾತ್ರ ಉಳಿಯುತ್ತಿತ್ತು.

ಮುಂದೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಳತೆಯವರು ಬಂದದ್ದು ಮಾರ್ಚಿಯಲ್ಲಿ. ಧರೆಯನ್ನು ನೆಟ್ಟಗೆ ಕಡಿದು, ಒರತೆ ಇದ್ದ ಜಾಗಕ್ಕೆ ಸೇರಿದಂತೆ ಉದ್ದಕ್ಕೂ ಸಿಮೆಂಟಿನ ತಡೆಗೋಡೆ ಎಬ್ಬಿಸುವ ಏರ್ಪಾಡಾಯಿತು. ಪಕ್ಕದ ತೋಟದ ಮನೆಯ ಅಜ್ಜಿ, ಎಂಬತ್ತರ ಹತ್ತಿರದವರು, ಕೋಲೂರಿಕೊಂಡು ಬಂದು ಕೆಲಸ ನೋಡಿಕೊಳ್ಳುತ್ತಿದ್ದವರಿಗೆ ಹೇಳಿದರು: “ಇಲ್ಲಿ ಒರತೆ ಇದೆ ಸ್ವಾಮಿ. ಈಗ ನೋಡಿದ್ರೆ ಕಾಣೂದಿಲ್ಲ. ಪುನರ್ವಸು ಮಳೆಗೆ ಬಂದು ನೋಡಿ.” ಅವರು ಅಜ್ಜಿಯನ್ನು ಗದರಿಸಲಿಲ್ಲ, ಆಯಿತಮ್ಮ ಎಂದು ಮರ್ಯಾದೆಯಿಂದಲೇ ಕಳುಹಿಸಿದರು. ನಕ್ಷೆಯಲ್ಲಿ ಒರತೆ ಇರಲಿಲ್ಲ, ಆದುದರಿಂದ ಗೋಡೆಯಲ್ಲಿ ಅದಕ್ಕೆ ದಾರಿಯೂ ಇರಲಿಲ್ಲ. ಮೂರನೆಯ ಮಳೆಗಾಲದಲ್ಲಿ ಆ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿ ನಿಂತು, ಒಂದು ರಾತ್ರಿ ಧರೆಯ ಸಮೇತ ರಸ್ತೆಗೆ ಮಗುಚಿಕೊಂಡಿತು. ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿರಲಿಲ್ಲವಾದ್ದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಅಜ್ಜಿಯ ತೋಟದ ಮೇಲಿನ ಅಂಚು ಮಾತ್ರ ಅಡಕೆ ಮರಗಳ ಸಹಿತ ಇಳಿದುಹೋಯಿತು.

ಇದರಲ್ಲಿ ಯಾರನ್ನೋ ಖಳರನ್ನಾಗಿ ಮಾಡುವ ಆಸೆ ನನಗಿಲ್ಲ. ಅಳತೆಯವರಿಗೆ ಉಪಕರಣ ಬಲ್ಲದು, ಲೆಕ್ಕ ಬಲ್ಲದು. ಆದರೆ ಅವರು ಕಂಡದ್ದು ಒಂದು ವಾರದ ಗುಡ್ಡವನ್ನು. ಅಜ್ಜಿ ಕಂಡದ್ದು ಎಂಬತ್ತು ಮಳೆಗಾಲದ ಗುಡ್ಡವನ್ನು. ಮಲೆನಾಡಿನಲ್ಲಿ ಬೇಸಗೆಯ ಗುಡ್ಡ ಬೇರೆ, ಮಳೆಗಾಲದ ಗುಡ್ಡ ಬೇರೆ. ಆರಿದ್ರೆಯಲ್ಲಿ ನೆನೆದ ಮಣ್ಣು ಪುನರ್ವಸುವಿನಲ್ಲಿ ತುಂಬಿಕೊಳ್ಳುತ್ತದೆ. ಪುಷ್ಯ, ಆಶ್ಲೇಷಗಳ ಹೊತ್ತಿಗೆ ಒಂದು ಹನಿಯನ್ನೂ ಹಿಡಿದಿಡಲಾರದ ಸ್ಥಿತಿಗೆ ಬರುತ್ತದೆ. ಎಲ್ಲಿ ನೀರು ಹೊರಕ್ಕೆ ಬರುತ್ತದೆ ಎಂಬುದು ಅಲ್ಲಿ ಬದುಕಿದವರಿಗೆ ಗೊತ್ತು. ಆ ಗೊತ್ತನ್ನು ಕೇಳುವ ಕ್ರಮವಿಲ್ಲ, ಬರೆದಿಡುವ ಕಡತವಿಲ್ಲ.

ಗುಡ್ಡ ಏಕೆ ಕುಸಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಇಳಿಜಾರಿನ ಮೇಲ್ಭಾಗದ ಮಣ್ಣಿನ ಭಾರವನ್ನು ಅದರ ಬುಡ ಹೊತ್ತಿರುತ್ತದೆ. ರಸ್ತೆಗಾಗಿ ಬುಡವನ್ನು ಕಡಿದಾಗ ಮೇಲಿನದಕ್ಕೆ ಆಸರೆ ತಪ್ಪುತ್ತದೆ. ನಮ್ಮಲ್ಲಿ ಮೇಲಿನದು ಜಂಬಿಟ್ಟಿಗೆಯ ಸಡಿಲ ಪದರ. ಎಷ್ಟೋ ಕಡೆ ಅದರಡಿಯಲ್ಲಿ ಜೇಡಿಯಂತಹ ಮೆತ್ತನೆಯ ಮಣ್ಣು. ಮಳೆಯ ನೀರು ಮೇಲಿನ ಪದರದಲ್ಲಿ ಇಂಗಿ ಜೇಡಿಯನ್ನು ಮುಟ್ಟಿ ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಸಿಗದ ನೀರು ಒಳಗಿನಿಂದ ಮಣ್ಣನ್ನು ಒತ್ತುತ್ತದೆ, ಪದರಗಳ ಹಿಡಿತವನ್ನು ಸಡಿಲಿಸುತ್ತದೆ. ಆ ಮೇಲೆ ಇಳಿಜಾರಿನಲ್ಲಿ ಬೇರೂರಿದ ಮರಗಳಿಲ್ಲದಿದ್ದರೆ, ಮೋರಿ ಕಟ್ಟಿಕೊಂಡಿದ್ದರೆ, ಕಡಿದ ಮಣ್ಣನ್ನು ಕೆಳಗಿನ ಕೊಲ್ಲಿಗೆ ಸುರಿದಿದ್ದರೆ, ಒಂದು ದೊಡ್ಡ ಮಳೆ ಸಾಕು.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದನ್ನು ನೀವು ಕೇಳಿದ್ದೀರಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ ಜೋಡುಪಾಲದ ಬಳಿ ಗುಡ್ಡವೇ ಕೆಳಕ್ಕೆ ಹರಿದು ಬಂತು. ರಸ್ತೆ ತಿಂಗಳುಗಳ ಮಟ್ಟಿಗೆ ಸಹಜ ಸ್ಥಿತಿಗೆ ಬರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದ ಹಲವು ಕಡೆ ಧರೆ ಜರಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಶಿರಾಡಿ ಘಟ್ಟದ ದಾರಿಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲು ಕುಸಿಯಿತು. ಅದೇ ತಿಂಗಳ 16ರಂದು, ಪುನರ್ವಸು ಮಳೆ ಹೊಯ್ಯುತ್ತಿದ್ದಾಗ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಗಂಗಾವಳಿ ನದಿಯವರೆಗೂ ಚಾಚಿತು. ಹೆದ್ದಾರಿಯ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಒಂದು ಕುಟುಂಬ, ಚಹಾಕ್ಕೆಂದು ನಿಲ್ಲಿಸಿದ್ದ ಲಾರಿಯವರು ಮಣ್ಣಿನಡಿ ಸಿಲುಕಿದರು. ಒಂದು ಲಾರಿಯನ್ನೂ ಅದರ ಚಾಲಕನ ದೇಹವನ್ನೂ ನದಿಯಿಂದ ಮೇಲೆತ್ತಲು ಸೆಪ್ಟೆಂಬರ್ ಕೊನೆಯ ವಾರದವರೆಗೆ ಕಾಯಬೇಕಾಯಿತು. ಘಟ್ಟದ ರಸ್ತೆಯಲ್ಲಿ ಹೋಗುವ ಯಾರೂ ಚಹಾಕ್ಕೆಂದು ನಿಲ್ಲುವವರೇ. ಆ ದಿನ ಅಲ್ಲಿ ನಿಂತವರು ನಮ್ಮಂತಹ ದಾರಿಹೋಕರು.

ಹಾಗಾದರೆ ನಮಗೆ ರಸ್ತೆ ಬೇಡವೇ ಎಂದು ಕೇಳುವವರಿದ್ದಾರೆ. ಪರಿಸರದ ಮಾತಾಡುವವರೆಲ್ಲ ಅಭಿವೃದ್ಧಿಯ ವಿರೋಧಿಗಳೆಂಬ ಮಾತು ಹೊಸದಲ್ಲ. ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ಹೊತ್ತು ತಂದ ನೆನಪು ಈ ಸಭೆಯಲ್ಲಿರುವ ಹಿರಿಯರಿಗಿದೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ತುಂಬಿದ ಹಳ್ಳಕ್ಕೆ ಜಾರಿ ಪ್ರಾಣ ಕಳೆದುಕೊಂಡಳು. ಎರಡು ಅಡಕೆ ಮರದ ಸಂಕವನ್ನು ದಾಟಿ ಶಾಲೆಗೆ ಬರುವ ಮಕ್ಕಳು ಇಂದಿಗೂ ಇದ್ದಾರೆ. ಅಂತಹವರ ಎದುರು ನಿಂತು ರಸ್ತೆ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಮನೆಗೆ ಮುಟ್ಟುವ ದಾರಿ, ಹಳ್ಳಕ್ಕೊಂದು ಗಟ್ಟಿಯಾದ ಸಂಕ, ಶಾಲೆಯ ಹೊತ್ತಿಗೆ ಒಂದು ಬಸ್ಸು, ಇವು ಮಲೆನಾಡಿನವರ ಹಕ್ಕು. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಒಳಹಳ್ಳಿಗಳಿಗೆ ಹೋಗಿ ಬರುತ್ತಿದ್ದವು. 2020ರಲ್ಲಿ ಅವು ನಿಂತಾಗ ಎಷ್ಟೋ ಮಕ್ಕಳ, ಕೂಲಿಯವರ ದಿನಚರಿಯೇ ಏರುಪೇರಾಯಿತು. ನಮ್ಮ ಅಗತ್ಯ ಇಂತಹದು. ಬೆಂಗಳೂರಿನಿಂದ ಕರಾವಳಿಗೆ ಅರ್ಧ ಗಂಟೆ ಮುಂಚೆ ತಲುಪಬೇಕೆಂಬ ಅವಸರಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿಯುವುದು ಬೇರೆಯದೇ ಸಂಗತಿ. ಈ ಎರಡನ್ನೂ ಅಭಿವೃದ್ಧಿ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ದಾರಿಯಲ್ಲಿ ನಾವೊಬ್ಬರೇ ಇಲ್ಲ ಎಂಬುದನ್ನೂ ನೆನಪಿಸಬೇಕು. ಮುಂಗಾರಿನ ಮೊದಲ ಮಳೆಯ ರಾತ್ರಿ ಕಪ್ಪೆಗಳು ಗದ್ದೆಯ ನೀರನ್ನು ಹುಡುಕಿಕೊಂಡು ರಸ್ತೆ ದಾಟುತ್ತವೆ. ಬೆಳಗ್ಗೆ ಹಾಲಿನ ಡೈರಿಗೆ ಹೋಗುವವರು ಟಾರಿಗೆ ಅಂಟಿಕೊಂಡ ಅವುಗಳ ಚರ್ಮವನ್ನು ನೋಡಿದ್ದಾರೆ. ಸಿಂಗಳೀಕ ನೆಲಕ್ಕಿಳಿಯಲು ಹಿಂಜರಿಯುವ ಪ್ರಾಣಿ. ಅದಕ್ಕೆ ಕೊಂಬೆಯಿಂದ ಕೊಂಬೆಗೆ ದಾರಿ. ಕಿರಿದಾದ ರಸ್ತೆಯ ಮೇಲೆ ಎರಡೂ ಬದಿಯ ಮರಗಳು ಕೈ ಕೂಡಿಸಿದ್ದರೆ ಅದು ತಲೆಯ ಮೇಲೆಯೇ ದಾಟಿಹೋಗುತ್ತದೆ. ರಸ್ತೆ ಅಗಲವಾಗಿ ನೆತ್ತಿ ಬಯಲಾಯಿತೆಂದರೆ ಅದರ ಕಾಡು ಎರಡು ತುಂಡಾಯಿತೆಂದೇ ಅರ್ಥ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಿದಾಗ ದೊಡ್ಡ ಗದ್ದಲವಾಯಿತು. ಆಂಬುಲೆನ್ಸುಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ಅವಕಾಶವಿಟ್ಟು, ಉಳಿದ ವಾಹನಗಳನ್ನು ತಡೆಯುವ ಆ ಏರ್ಪಾಡಿನೊಂದಿಗೆ ಜನ ಹೊಂದಿಕೊಂಡು ಬದುಕಿದ್ದಾರೆ. ಹೊಂದಾಣಿಕೆ ಅಸಾಧ್ಯವೇನಲ್ಲ.

ಈಗ ಮಳೆಗಾಲವೆಂದರೆ ವಾರದ ಕೊನೆಯಲ್ಲಿ ನಮ್ಮ ತಿರುವುಗಳಲ್ಲಿ ಕಾರುಗಳ ಸಾಲು. ಚಾರ್ಮಾಡಿಯ ಜಲಧಾರೆಗಳ ಕೆಳಗೆ, ಜಾರುವ ಬಂಡೆಗಳ ಮೇಲೆ ಹತ್ತಿ ಕುಣಿಯುವವರನ್ನು ಪೊಲೀಸರು ಇಳಿಸುವುದೇ ಕೆಲಸವಾಗಿದೆ. ಬಂದವರ ಮೇಲೆ ನನಗೆ ದ್ವೇಷವಿಲ್ಲ. ಬಯಲುಸೀಮೆಯ ಮಗುವೊಂದು ಮೊದಲ ಬಾರಿಗೆ ಮಂಜನ್ನು ಕೈಯಲ್ಲಿ ಹಿಡಿಯಲು ಹೋಗುವುದನ್ನು ಕಂಡು ನಾನೂ ಸಂತೋಷಪಟ್ಟಿದ್ದೇನೆ. ಆದರೆ ಅವರು ಕೊಂಡೊಯ್ಯುವ ನೆನಪು ಫೋನಿನಲ್ಲಿ ಉಳಿಯುತ್ತದೆ, ಬಿಟ್ಟುಹೋದ ಪ್ಲಾಸ್ಟಿಕ್ಕು ನಮ್ಮ ಮೋರಿಯಲ್ಲಿ. ಕಟ್ಟಿಕೊಂಡ ಒಂದು ಮೋರಿ ನೀರನ್ನು ರಸ್ತೆಗೆ ತಿರುಗಿಸುತ್ತದೆ, ತಿರುಗಿದ ನೀರು ರಸ್ತೆಯ ಅಂಚನ್ನು ಕೊರೆಯುತ್ತದೆ. ಒಂದು ನೀರಿನ ಬಾಟಲಿಗೂ ಒಂದು ಭೂಕುಸಿತಕ್ಕೂ ಇಷ್ಟು ಹತ್ತಿರದ ನಂಟು ಇದೆಯೆಂದು ಬಂದವರಿಗೆ ತಿಳಿಹೇಳಬೇಕಾದವರು ನಾವೇ.

ಇಷ್ಟೆಲ್ಲ ಹೇಳಿದ ಮೇಲೆ, ಏನು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊಳ್ಳಲು ಅವರಿಗೆ ಕಣ್ಣೆದುರು ಮರವಿತ್ತು. ಒರತೆಯನ್ನು, ಧರೆಯನ್ನು ಅಪ್ಪಿಕೊಳ್ಳಲಾಗದು. ಅವುಗಳಿಗೆ ಬೇಕಾದದ್ದು ಸಾಕ್ಷಿ. ಆದುದರಿಂದ ಪ್ರತಿ ಊರಿನ ಶಾಲೆಯಲ್ಲಿ ಒಂದು ದಾರಿ ಪುಸ್ತಕವನ್ನು ಆರಂಭಿಸಬೇಕೆಂದು ನಾನು ಸೂಚಿಸುತ್ತೇನೆ. ಇದಕ್ಕೆ ಹಣ ಬೇಡ, ಯಾರ ಅಪ್ಪಣೆಯೂ ಬೇಡ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು.

ಅದರಲ್ಲಿ ಮೊದಲಿಗೆ ನಿಮ್ಮ ಊರಿನ ರಸ್ತೆ ನೀರನ್ನು ದಾಟುವ ಜಾಗಗಳನ್ನೆಲ್ಲ ಬರೆಯಿರಿ: ಹೊಳೆ, ಹಳ್ಳ, ಮಳೆಗಾಲದ ತೋಡು, ಒರತೆ. ಯಾವ ಮಳೆ ನಕ್ಷತ್ರದಲ್ಲಿ ಅದು ಹುಟ್ಟುತ್ತದೆ, ಯಾವಾಗ ಬತ್ತುತ್ತದೆ ಎಂಬುದನ್ನು ಜೊತೆಗೆ ಗುರುತಿಸಿ. ಎರಡನೆಯದಾಗಿ, ಎಲ್ಲೆಲ್ಲಿ, ಯಾವ ಯಾವ ವರ್ಷ ಧರೆ ಕುಸಿದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಬರೆಯಿರಿ. ಇಸವಿ ನೆನಪಿಲ್ಲದಿದ್ದರೆ ಮಗಳ ಮದುವೆಯ ವರ್ಷ, ದೊಡ್ಡ ನೆರೆಯ ವರ್ಷ ಎಂದು ಅವರು ಹೇಳುತ್ತಾರೆ. ಲೆಕ್ಕ ಹಾಕಿ ಇಸವಿಗೆ ತನ್ನಿ. ಮೂರನೆಯದಾಗಿ, ಜಾಗಗಳ ಹಳೆಯ ಹೆಸರುಗಳನ್ನು ಬಿಡಬೇಡಿ. ಈಗ ಒಣನೆಲವಾಗಿ ಕಾಣುವ ತಿರುವಿಗೆ ಅಬ್ಬಿ, ತೋಡು, ಸಂಕ ಎಂಬ ಹೆಸರು ಅಂಟಿಕೊಂಡಿದ್ದರೆ ಅಲ್ಲಿ ಹಿಂದೊಮ್ಮೆ ನೀರು ಇತ್ತೆಂದು ತಿಳಿಯಿರಿ. ನಾಲ್ಕನೆಯದಾಗಿ, ಪ್ರಾಣಿಗಳು ದಾಟುವ ಜಾಗ, ನೆತ್ತಿ ಕೂಡಿದ ಮರಗಳಿರುವ ಜಾಗ, ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿಯ ಹೆಸರು ಮತ್ತು ದಿನಾಂಕ.

ಮಳೆಗಾಲದಲ್ಲಿ ಇನ್ನೊಂದು ಪುಟ ತೆರೆದಿರಲಿ. ಗುಡ್ಡದ ಮೇಲೆ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿದ್ದು, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗಿದ್ದು ಇಲ್ಲವೇ ನಿಂತೇಹೋಗಿದ್ದು, ತಡೆಗೋಡೆ ಉಬ್ಬಿದ್ದು, ಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದ್ದು, ಇವೆಲ್ಲ ಗುಡ್ಡ ಕೊಡುವ ಮುನ್ಸೂಚನೆಗಳು. ಇಂಥದ್ದು ಕಂಡ ದಿನ ಪುಸ್ತಕದಲ್ಲಿ ಬರೆದು ಸುಮ್ಮನಿರಬಾರದು. ಮೊದಲು ಇಳಿಜಾರಿನ ಕೆಳಗಿನ ಮನೆಯವರನ್ನು ಎಬ್ಬಿಸಿ ದೂರ ಕಳುಹಿಸಿ. ಆ ಮೇಲೆ ಪಂಚಾಯಿತಿಗೂ ಜಿಲ್ಲಾ ತುರ್ತು ಕೇಂದ್ರದ 1077ಕ್ಕೂ ತಿಳಿಸಿ. ಹೆಣ್ಣುಮಕ್ಕಳು ಸೊಪ್ಪಿಗೆ, ದನಗಳ ಹಿಂದೆ ಗುಡ್ಡ ಹತ್ತುವವರಾದ್ದರಿಂದ ಇಂತಹ ಗುರುತುಗಳನ್ನು ಬಹುತೇಕ ಅವರೇ ಮೊದಲು ಕಾಣುತ್ತಾರೆ. ಅವರ ಮಾತಿಗೆ ಪುಸ್ತಕದಲ್ಲಿ ಮೊದಲ ಸ್ಥಾನವಿರಲಿ.

ರಸ್ತೆಯ ಕೆಲಸದ ಸುದ್ದಿ ಬಂದಾಗ ಈ ಪುಸ್ತಕವನ್ನು ಗ್ರಾಮಸಭೆಯ ಮುಂದಿಡಿ. ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ: ಅಳತೆ ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಆಗಬೇಕು. ಪುಸ್ತಕದಲ್ಲಿರುವ ಪ್ರತಿಯೊಂದು ನೀರಿಗೂ ಮೋರಿ ಇರಬೇಕು. ತಡೆಗೋಡೆಗೆ ನೀರು ಬಸಿಯುವ ತೂತುಗಳಿರಬೇಕು, ಸಾಧ್ಯವಿದ್ದಲ್ಲಿ ಕಲ್ಲು ತುಂಬಿದ ತಂತಿಬಲೆಯ ಗೋಡೆ ಇರಬೇಕು. ಕಡಿದ ಮಣ್ಣನ್ನು ಕೊಲ್ಲಿಗೆ ಸುರಿಯಬಾರದು. ಬರಿದಾದ ಧರೆಯ ಮೇಲೆ ಲಾವಂಚವನ್ನೂ ಸ್ಥಳೀಯ ಗಿಡಗಳನ್ನೂ ನೆಡಬೇಕು. ಕೇಳಿದ್ದೆಲ್ಲ ಆಗಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಆಯಿತಮ್ಮ ಎಂದು ಕಳುಹಿಸುವುದು ಸುಲಭ. ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾದ, ದಿನಾಂಕ ಸಹಿತ ಇರುವ ಮಾತನ್ನು ಹಾಗೆ ಕಳುಹಿಸುವುದು ಕಷ್ಟ.

ಪಶ್ಚಿಮಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ನಮ್ಮ ಕರ್ನಾಟಕದವು. ಪಟ್ಟಿಯಲ್ಲಿ ಹೆಸರಿರುವುದು ಗೌರವ. ಆದರೆ ನಮ್ಮ ಊರಿನ ತಿರುವಿನ ಒರತೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಬಲ್ಲವರ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ, ಮಕ್ಕಳು ಓದಿಗೆಂದು ಪಟ್ಟಣ ಸೇರುತ್ತಿದ್ದಾರೆ. ಶಿಬಿರ ಮುಗಿಸಿ ಹೋಗುವ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಕೋರಿಕೆ. ಮುಂದಿನ ಭಾನುವಾರ ನಿಮ್ಮ ಮನೆಯಿಂದ ಬಸ್ ನಿಲ್ದಾಣದವರೆಗೆ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ನಡೆಯಿರಿ. ಅವರು ನಿಂತಲ್ಲೆಲ್ಲ ನಿಲ್ಲಿ, ಹೇಳಿದ್ದನ್ನು ಬರೆದುಕೊಳ್ಳಿ. ಪುಸ್ತಕದ ಮೊದಲ ಪುಟ ಅದೇ ಆಗಲಿ.